ಕಾಡ್ಗಿಚ್ಚೂ ಕಾಡಿನ ಅಧಿಕಾರಿಯೂ

ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಪರಿಶ್ರಮವುಳ್ಳವರಿಗೆ ಕಾಡ್ಗಿಚ್ಚು ಅಪರಿಚಿತವಾದ ವಸ್ತುವಲ್ಲ. ಪಂಪನೂ ಕುಮಾರವ್ಯಾಸನೂ ಖಾಂಡವವನದ ದಹನವನ್ನು ತಮ್ಮ ತಮ್ಮ ರೀತಿಯಲ್ಲಿ ವರ್ಣಿಸಿರುವರು. ಗ್ರೀಷ್ಮದ ವರ್ಣನೆಯೆಂದರೆ ದಾವಾನಲವು ಒಂದು ಪದ್ಯದಲ್ಲಾದರೂ ತಲೆದೋರಬೇಕೆಂಬುದು ಹೆಚ್ಚುಕಡಿಮೆ ಕವಿಸಮಯವೇ ಆಗಿಹೋಗಿದೆ. ಕೋಪಕ್ಕೂ ವಿರಹಕ್ಕೂ ಸೈನ್ಯದ ಮುನ್ನುಗ್ಗುವಿಕೆಗೂ ಅದೊಂದೇ ಉಪಮಾನ. ಆದರೆ ಆ ಪದ್ಯಗಳನ್ನು ಪಾಠ ಹೇಳತಕ್ಕವರಿಗೆ, ಈ ಕಿಚ್ಚು ಎಲ್ಲಿಂದ ಹುಟ್ಟುತ್ತದೆ, ಯಾವ ದಾರಿಯಲ್ಲಿ ನಡೆಯುತ್ತದೆ, ಅದನ್ನು ಎದುರಿಸಲು ಸರ್ಕಾರದಿಂದ ನಿಯುಕ್ತನಾದವನು ಮಾಡುವುದೇನು ಎಂಬುದನ್ನು ವಿಚಾರಿಸುವ ಪ್ರಸಂಗವು ಅಪೂರ್ವವಾಗಿ ಬರುತ್ತದೆ. ಪ್ರಕೃತ ಲೇಖನದಲ್ಲಿ ಆ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ಹೇಳುವ ಉದ್ದೇಶವಿದೆ. ಉದಾಹರಣೆಗಳನ್ನು ಬಹುಮಟ್ಟಿಗೆ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಮೊದಲಾದ ದಕ್ಷಿಣ ಕರ್ನಾಟಕದ ಕಾಡುಗಳಿಂದಲೇ ತೆಗೆದುಕೊಂಡಿದೆ.

ಮೊದಲು ಉತ್ಪತ್ತಿಯ ವಿಚಾರ. ಬಿದಿರುಮೆಳೆಗಳು ಗಾಳಿಗೆ ಒಂದಕ್ಕೊಂದು ಉಜ್ಜಿ ಕಿಡಿ ಹುಟ್ಟುತ್ತದೆಂದು ಕವಿಗಳು ಹೇಳುವರು. ಹಳ್ಳಿಯ ಜನರಲ್ಲಿಯೂ ಈ ನಂಬಿಕೆ ಉಂಟು. ಮೇಘದೂತದಲ್ಲಿ ಕಾಳಿದಾಸನು ಸರಲವೃಕ್ಷಗಳ ಬೊಡ್ಡೆಗಳು ಪರಸ್ಪರ ತಿಕ್ಕಿ ಹುಟ್ಟಿದ ದಾವಾಗ್ನಿಯನ್ನು ಆರಿಸಬೇಕೆಂದು ಮೇಘವನ್ನು ಪ್ರಾರ್ಥಿಸುತ್ತಾನೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸುವುದು ಯುಕ್ತ. ಸರಲವೆಂದರೆ ಹಿಮಾಲಯದ ಚೀಡ್ ಮರ. ಅದರ ಸೂಜಿಯೆಲೆಗಳು ರಾಳದಿಂದ ಕೂಡಿ ನೆಲದ ಮೇಲೆ ದಪ್ಪನಾಗಿ ಹಾಸಿಕೊಂಡಿರುತ್ತವೆ. ಇಂದಿಗೂ ಉತ್ತರಾಖಂಡದಲ್ಲಿ ಪ್ರತಿವರ್ಷ ಬೇಸಗೆಯಲ್ಲಿ ಹತ್ತುವ ಕಿಚ್ಚುಗಳು ಬಹುಪಾಲು ಈ ಚೀಡ್ ವನಗಳಲ್ಲಿಯೇ. ಆದುದರಿಂದ ಮಹಾಕವಿಯು ಕಾರಣವನ್ನು ಹೇಗೇ ಹೇಳಿರಲಿ, ಸ್ಥಳವನ್ನು ಮಾತ್ರ ತಪ್ಪದೆ ಕಂಡಿದ್ದನು.

ಕಾರಣದ ವಿಷಯದಲ್ಲಿ ಕಾಡಿನವರ ಅನುಭವವೇ ಬೇರೆ. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯನ ಕೈಯಿಂದ ಹುಟ್ಟಿದವು. ಸಿಡಿಲಿನಿಂದ ಬೆಂಕಿ ಬೀಳುವುದು ಅಮೆರಿಕ, ಆಸ್ಟ್ರೇಲಿಯ ಮೊದಲಾದ ಕಡೆಗಳಲ್ಲಿ ಸಾಮಾನ್ಯ. ನಮ್ಮಲ್ಲಿಯಾದರೋ ಕಾಡು ಅತ್ಯಂತ ಒಣಗಿರುವ ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಗುಡುಗು ಸಿಡಿಲುಗಳು ವಿರಳ. ಏಪ್ರಿಲ್ ತಿಂಗಳ ಸಿಡಿಲು ಬರುವಾಗ ತನ್ನೊಡನೆ ಮಳೆಯನ್ನೂ ತರುತ್ತದೆ. ದನಗಾಹಿಗಳು ಹೊಸ ಹುಲ್ಲು ಚಿಗುರಲೆಂದು ಇಡುವುದು, ಉದುರಿದ ಜಿಂಕೆಯ ಕೊಂಬು ಕಣ್ಣಿಗೆ ಬೀಳಲೆಂದು ತರಗನ್ನು ಸುಡುವುದು, ಜೇನು ಬಿಡಿಸಲು ಹಚ್ಚಿದ ಸೂಡಿಯನ್ನು ಆರಿಸದೆ ಬಿಡುವುದು, ಹೊಲದ ಕೂಳೆ ಸುಡುವಾಗ ಕಿಡಿ ಹಾರುವುದು, ದಾರಿಹೋಕನು ಬೀಡಿಯ ತುಂಡನ್ನು ಎಸೆಯುವುದು, ಇವೇ ಕಾರಣಗಳು. ಇನ್ನೊಂದು ಕಾರಣವುಂಟು, ಅದನ್ನು ವರದಿಗಳಲ್ಲಿ ಮೆಲ್ಲನೆ ಹೇಳುವರು: ಇಲಾಖೆಯ ಮೇಲಣ ಸಿಟ್ಟು. ಮೇವು, ಸೌದೆ, ದಾರಿ ಇವುಗಳಿಗೆ ತಡೆಯಾದಾಗ, ಒಂದು ಬೆಂಕಿಕಡ್ಡಿಯಿಂದ ಸೇಡು ತೀರಿಸಿಕೊಳ್ಳುವವರು ಎಲ್ಲ ಕಾಲದಲ್ಲಿಯೂ ಇದ್ದರು. ಬಿದಿರಿಗೆ ಈ ಅಪವಾದವನ್ನು ಹೊರಿಸುವುದರಿಂದ ಯಾರಿಗೂ ತೊಂದರೆಯಿಲ್ಲವಾದುದರಿಂದಲೇ ಆ ನಂಬಿಕೆಯು ಇಷ್ಟು ಕಾಲ ಬಾಳಿತೋ ಏನೋ.

ಇನ್ನು ಕಿಚ್ಚಿನ ನಡೆ. ಕಾಡಿನ ಬೆಂಕಿಯು ಮೂರು ತೆರನಾದುದು. ನೆಲದೊಳಗಣ ಬೇರು, ಕೊಳೆತ ಸಸ್ಯದ್ರವ್ಯಗಳಲ್ಲಿ ಹೊಗೆಯಾಡುತ್ತ ಹೋಗುವುದು ಒಂದು. ನೆಲದ ಮೇಲಣ ಹುಲ್ಲು, ತರಗು, ಕಡ್ಡಿಗಳನ್ನು ಸುಡುತ್ತ ಹರಿಯುವುದು ಎರಡನೆಯದು. ಮರದ ನೆತ್ತಿಯಿಂದ ನೆತ್ತಿಗೆ ಹಾರುವುದು ಮೂರನೆಯದು. ನಮ್ಮ ಎಲೆಯುದುರುವ ಕಾಡುಗಳಲ್ಲಿ ಸಾಮಾನ್ಯವಾಗಿ ಕಾಣಬರತಕ್ಕುದು ಎರಡನೆಯ ಬಗೆ. ಕಾವ್ಯದಲ್ಲಿ ಆಕಾಶವನ್ನು ನೆಕ್ಕುವ ಜ್ವಾಲೆಯನ್ನು ಕಂಡವರು ನಿಜವಾದ ತರಗಿನ ಬೆಂಕಿಯನ್ನು ಮೊದಲ ಸಲ ನೋಡಿದರೆ ನಿರಾಶೆ ಹೊಂದಿಯಾರು: ಅದರ ಉರಿ ಅನೇಕ ವೇಳೆ ಮೊಣಕಾಲೆತ್ತರಕ್ಕಿಂತ ಹೆಚ್ಚಿರುವುದಿಲ್ಲ, ಮನುಷ್ಯನು ಅದರ ಪಕ್ಕದಲ್ಲಿ ನಡೆದುಕೊಂಡು ಹೋಗಬಹುದು. ಆದರೆ ಅದೇ ಬೆಂಕಿಯು ಇಳಿಜಾರಿನ ಬುಡವನ್ನು ಮುಟ್ಟಿ ಮೇಲೇರತೊಡಗಿತೆಂದರೆ ಸ್ವರೂಪವೇ ಬದಲಾಗುತ್ತದೆ. ಉರಿಯು ಮೇಲಣ ಹುಲ್ಲಿಗೆ ಹತ್ತಿರವಾಗಿ ಬಾಗುವುದರಿಂದ, ಆ ಹುಲ್ಲು ಉರಿ ಬರುವ ಮೊದಲೇ ಕಾದು ಒಣಗಿ ಸಿದ್ಧವಾಗಿರುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಬೆಂಕಿಯ ವೇಗವು ಸರಿಸುಮಾರು ಇಮ್ಮಡಿಯಾಗುತ್ತದೆಂದು ಆಸ್ಟ್ರೇಲಿಯದ ಅರಣ್ಯಶಾಸ್ತ್ರಜ್ಞರು ಗೊತ್ತುಮಾಡಿರುವರು. ಆದಕಾರಣವೇ ಬೆಂಕಿಗಿಂತ ಮೇಲುಗಡೆಯಲ್ಲಿ ನಿಲ್ಲಬಾರದೆಂಬುದು ಕಾಡಿನ ಸಿಬ್ಬಂದಿಗೆ ಕಲಿಸುವ ಮೊದಲ ಪಾಠ.

ಬೆಂಕಿಗೆ ದಿನಚರಿಯೂ ಉಂಟು. ಬೆಳಿಗ್ಗೆ ಇಬ್ಬನಿಯಿಂದ ತರಗು ಮೆತ್ತಗಿರುವಾಗ ಅದು ಮಂದಗತಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಗಾಳಿಯ ಆರ್ದ್ರತೆ ಕಡಮೆಯಾಗಿ ಉನ್ಮತ್ತ. ಇರುಳು ಬಿದ್ದಂತೆ ಮತ್ತೆ ಕುಗ್ಗುತ್ತದೆ. ಅನುಭವಸ್ಥನಾದ ಅಧಿಕಾರಿಯು ಮಧ್ಯಾಹ್ನದಲ್ಲಿ ಬೆಂಕಿಯ ಬೆನ್ನಟ್ಟುವುದಕ್ಕಿಂತ, ಅದು ಸಂಜೆಗೆ ಎಲ್ಲಿಗೆ ಬಂದು ಮುಟ್ಟೀತೆಂಬುದನ್ನು ಲೆಕ್ಕಹಾಕಿ ಅಲ್ಲಿ ಜನರನ್ನು ನಿಲ್ಲಿಸುತ್ತಾನೆ.

ಮರಗಳೂ ಈ ಶತ್ರುವಿಗೆ ತಕ್ಕ ಸಿದ್ಧತೆ ಮಾಡಿಕೊಂಡಿರುವುವು. ತೊಗಟೆಯ ಒಳಗಡೆಯಲ್ಲಿ, ಮರವು ದಪ್ಪವಾಗಲು ಕಾರಣವಾದ ತೆಳುವಾದ ಜೀವಂತ ಪದರವೊಂದಿದೆ. ಅದರ ಕಣಗಳು ಸುಮಾರು 60 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸಾಯುತ್ತವೆ. ಮತ್ತಿಯ ಮರದ ಮೊಸಳೆ ಚರ್ಮದಂತಹ ದಪ್ಪ ತೊಗಟೆಯು ಆ ಪದರಕ್ಕೆ ಕವಚ. ತೇಗದ ಸಸಿಯ ಉಪಾಯವೇ ಬೇರೆ: ಮೇಲಣ ಕುಡಿ ಪ್ರತಿವರ್ಷ ಸುಟ್ಟುಹೋದರೂ ಬೇರು ಬದುಕಿ ದಪ್ಪವಾಗುತ್ತ ಹೋಗುತ್ತದೆ, ಎಂದೋ ಒಂದು ವರ್ಷ ಬೆಂಕಿ ತಪ್ಪಿದಾಗ ಆ ಬೇರಿನ ಬಲದಿಂದ ಕುಡಿಯು ಒಮ್ಮೆಗೇ ಉರಿಯ ಎತ್ತರವನ್ನು ದಾಟಿ ನಿಲ್ಲುತ್ತದೆ. ಮಲೆನಾಡಿನ ನಿತ್ಯಹರಿದ್ವರ್ಣದ ಮರಗಳಿಗೆ ಇಂತಹ ಸಾಧನಗಳಿಲ್ಲ. ಅಲ್ಲಿ ನೆರಳೂ ತೇವವೂ ಬೆಂಕಿಯನ್ನು ಒಳಗೆ ಬಿಡುವುದಿಲ್ಲವಾದುದರಿಂದ ಕವಚದ ಅಗತ್ಯವೂ ಇರಲಿಲ್ಲ; ಆದರೆ ಒಂದು ವೇಳೆ ಬೆಂಕಿ ನುಗ್ಗಿತೆಂದರೆ ಸಣ್ಣ ಉರಿಯೇ ದೊಡ್ಡ ಮರವನ್ನು ಕೊಲ್ಲಬಲ್ಲುದು. ಒಂದೇ ಎತ್ತರದ ಉರಿಯು ಒಂದು ಕಾಡಿಗೆ ಋತುಧರ್ಮವೂ ಇನ್ನೊಂದಕ್ಕೆ ಮೃತ್ಯುವೂ ಆಗುವುದು ಹೀಗೆ.

ಸರ್ಕಾರದ ಅರಣ್ಯಾಧಿಕಾರಿಯ ಹುದ್ದೆಯು ನಮ್ಮ ದೇಶದಲ್ಲಿ ಹುಟ್ಟಿ ನೂರೈವತ್ತು ವರ್ಷಗಳು ಕಳೆದಿವೆ. ಡಾಕ್ಟರ್ ಕ್ಲೆಗ್‌ಹಾರ್ನನು 1856ರಲ್ಲಿ ಮದರಾಸು ಪ್ರಾಂತದ ಅರಣ್ಯಸಂರಕ್ಷಕನಾಗಿ ನಿಯುಕ್ತನಾದನು. ಅದಕ್ಕೆ ಮೊದಲು ಅವನು ಶಿವಮೊಗ್ಗದ ಕಡೆಯಲ್ಲಿ ವೈದ್ಯನಾಗಿದ್ದು ಅಲ್ಲಿನ ಕಾಡುಗಳನ್ನು ಕಂಡಿದ್ದವನು. 1864ರಲ್ಲಿ ಬ್ರಾಂಡಿಸನು ಇಡೀ ಭಾರತದ ಕಾಡುಗಳ ಮೊದಲ ಮೇಲಧಿಕಾರಿಯಾದನು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿಯೂ ಅರಣ್ಯ ಇಲಾಖೆ ಸ್ಥಾಪಿತವಾಯಿತು. ಈ ಮೊದಲ ತಲೆಮಾರಿನವರಿಗೆ ಬೆಂಕಿಯೆಂದರೆ ನಾಶವೆಂಬುದರಲ್ಲಿ ಸಂದೇಹವೇ ಇರಲಿಲ್ಲ. ಅವರು ಬಂದದ್ದು ತೇವವುಳ್ಳ ಯೂರೋಪಿನ ಶಾಸ್ತ್ರವನ್ನು ಕಲಿತು. ಬೇಕಾಗಿದ್ದುದು ಹಡಗಿಗೂ ರೈಲ್ವೆಗೂ ಮರ. ಕನ್ನಡ ಜಿಲ್ಲೆ, ಮಲೆನಾಡುಗಳ ಕುಮರಿ ಬೇಸಾಯವು, ಎಂದರೆ ಕಾಡನ್ನು ಕಡಿದು ಸುಟ್ಟು ಒಂದೆರಡು ವರ್ಷ ರಾಗಿ ಮೊದಲಾದುವನ್ನು ಬೆಳೆದು ಬಿಡುವ ಪದ್ಧತಿಯು, ಅವರ ಕಣ್ಣಿಗೆ ಶುದ್ಧ ಅಪವ್ಯಯವಾಗಿ ತೋರಿತು; 1860ರಲ್ಲಿ ಮದರಾಸು ಸರ್ಕಾರವು ಅದನ್ನು ನಿರ್ಬಂಧಿಸಿತು. 1878ರ ಅರಣ್ಯ ಕಾಯಿದೆಯೂ ಅದರ ಸ್ಥಾನದಲ್ಲಿ ಬಂದ 1927ರ ಕಾಯಿದೆಯೂ ಕಾದಿಟ್ಟ ಕಾಡಿನಲ್ಲಿ ಬೆಂಕಿಯಿಡುವುದನ್ನು ಅಪರಾಧವನ್ನಾಗಿ ಮಾಡಿದುವಲ್ಲದೆ, ಕಾಡಿನಲ್ಲಿ ಹಕ್ಕು ಪಡೆದವರು ಬೆಂಕಿಯನ್ನು ಆರಿಸಲು ನೆರವಾಗತಕ್ಕುದೆಂದೂ ವಿಧಿಸಿದುವು.

ಇಷ್ಟಾದರೂ ಇಲಾಖೆಯ ಒಳಗಿನಿಂದಲೇ ಪ್ರತಿವಾದವು ಬೇಗನೆ ಹುಟ್ಟಿತೆಂಬುದು ಸ್ವಾರಸ್ಯವಾದ ಸಂಗತಿ. ಸ್ಲೇಡ್ ಎಂಬ ಅಧಿಕಾರಿಯು 1896ರಲ್ಲಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ, ಬರ್ಮಾ ದೇಶದಲ್ಲಿ ಬೆಂಕಿಯಿಂದ ರಕ್ಷಣೆಯು ಅತಿಯಾಯಿತೆಂದು ನೇರವಾಗಿ ಬರೆದನು. ವರ್ಷಗಟ್ಟಲೆ ಬೆಂಕಿಯಿಲ್ಲದೆ ಕಾದ ತೇವದ ಕಾಡುಗಳಲ್ಲಿ ತೇಗದ ಸಸಿಗಳೇ ಏಳುತ್ತಿರಲಿಲ್ಲ. ಬೇರೆ ಗಿಡಗಂಟಿಗಳು ಮುಸುಕಿ ನೆಲಕ್ಕೆ ಬೆಳಕು ಬೀಳದೆ ಹೋಯಿತು. ಬಂಗಾಳ, ಅಸ್ಸಾಮುಗಳ ಸಾಲವೃಕ್ಷದ ಕಾಡುಗಳಲ್ಲಿಯೂ ಇದೇ ಕಥೆ. ಯಾವ ಮರಕ್ಕಾಗಿ ಬೆಂಕಿಯನ್ನು ತಡೆದರೋ ಆ ಮರವೇ ಬೆಂಕಿಯಿಲ್ಲದೆ ಬಾರದೆ ಹೋದದ್ದನ್ನು ಕಂಡು, ಬರ್ಮಾದಲ್ಲಿಯೂ ಈಶಾನ್ಯದ ಸಾಲದ ಕಾಡುಗಳಲ್ಲಿಯೂ ಕ್ರಮೇಣ ಮಿತವಾದ ದಹನಕ್ಕೆ ಎಡೆಗೊಟ್ಟರು. ನಮ್ಮ ಕಡೆಯ ಒಣ ಕಾಡುಗಳಲ್ಲಿ ಮಾತ್ರ ಹಳೆಯ ನಿಯಮವೇ ನಿಂತಿತು.

ಆ ನಿಯಮವನ್ನು ನಡೆಸುವ ಕ್ರಮವನ್ನು ಈಗ ಹೇಳಬಹುದು. ಅರಣ್ಯ ರಕ್ಷಕನಿಗೆ ಒಂದು ಗಸ್ತು. ಅವನ ಮೇಲೆ ಉಪವಲಯ ಅರಣ್ಯಾಧಿಕಾರಿ. ಅವನ ಮೇಲೆ ವಲಯ ಅರಣ್ಯಾಧಿಕಾರಿ. ವಲಯಾಧಿಕಾರಿಯ ಬೆಂಕಿಯ ವರ್ಷವು ಬೇಸಗೆಯಲ್ಲಲ್ಲ, ಮಳೆ ನಿಂತ ಕೂಡಲೇ ಮೊದಲಾಗುತ್ತದೆ. ಕಾಡಿನ ಎಲ್ಲೆ, ರಸ್ತೆಯ ಎರಡು ಮಗ್ಗುಲು, ಬೆಟ್ಟದ ಏಣು ಇವುಗಳ ಉದ್ದಕ್ಕೂ ಹುಲ್ಲು ಪೊದೆಗಳನ್ನು ಸವರಿ, ಸ್ಥಳಕ್ಕೆ ತಕ್ಕಂತೆ ಕೆಲವು ಮೀಟರುಗಳಿಂದ ಮೂವತ್ತು ಮೀಟರುಗಳವರೆಗೆ ಅಗಲವಾದ ಪಟ್ಟಿಯನ್ನು ಮಾಡುವರು. ಇದಕ್ಕೆ ಬೆಂಕಿ ರೇಖೆ ಎಂದು ಹೆಸರು. ಸವರಿದ ಹುಲ್ಲನ್ನು ಒಣಗಬಿಟ್ಟು, ಸುತ್ತಣ ಕಾಡು ಇನ್ನೂ ಹಸಿಯಾಗಿರುವಾಗಲೇ, ಡಿಸೆಂಬರ್, ಜನವರಿ ತಿಂಗಳ ಬೆಳಗು ಸಂಜೆಗಳಲ್ಲಿ ಎಚ್ಚರಿಕೆಯಿಂದ ಸುಡುವರು. ಇದರ ಸೂಕ್ಷ್ಮವೆಲ್ಲ ಕಾಲದಲ್ಲಿದೆ. ಒಂದು ವಾರ ಮುಂಚಿತವಾದರೆ ಹುಲ್ಲು ಹೊತ್ತುವುದಿಲ್ಲ. ಎರಡು ವಾರ ತಡವಾದರೆ ರೇಖೆಗೆ ಇಟ್ಟ ಬೆಂಕಿಯೇ ಕಾಡನ್ನು ಸೇರುತ್ತದೆ. ಹಣದ ಮಂಜೂರಾತಿಯು ಕಛೇರಿಯ ಪಂಚಾಂಗವನ್ನು ಅನುಸರಿಸುವುದೂ ಹುಲ್ಲು ಆಕಾಶದ ಪಂಚಾಂಗವನ್ನು ಅನುಸರಿಸುವುದೂ ಈ ವೃತ್ತಿಯ ನಿತ್ಯದ ತೊಡಕು.

ಜನವರಿಯಿಂದ ಮಳೆ ಬೀಳುವವರೆಗೆ ಬೆಂಕಿ ಕಾವಲುಗಾರರನ್ನು ದಿನಗೂಲಿಯ ಮೇಲೆ ನೇಮಿಸಿಕೊಳ್ಳುವರು. ಇವರು ಬಹುಪಾಲು ಕಾಡಂಚಿನ ಹಳ್ಳಿ, ಹಾಡಿ, ಪೋಡುಗಳ ಯುವಕರು. ಹೊಗೆ ಕಂಡಾಗ ಮೊದಲು ಓಡತಕ್ಕವರು ಇವರೇ. ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ. ಅದರಿಂದ ಉರಿಯನ್ನು ಬಡಿದು, ಒಳಮುಖವಾಗಿ ತಳ್ಳಿ ಆರಿಸುವುದು ಪರಂಪರೆಯ ವಿಧಾನ. ಇತ್ತೀಚೆಗೆ ತರಗನ್ನು ಊದಿ ಸರಿಸುವ ಯಂತ್ರಗಳೂ ಬೆನ್ನಿಗೆ ಕಟ್ಟಿಕೊಳ್ಳುವ ನೀರಿನ ಪಂಪುಗಳೂ ಬಂದಿವೆ; ಆದರೂ ಸೊಪ್ಪಿನ ಕೊಂಬೆಯು ಹೋಗಿಲ್ಲ. ಉರಿಯು ಬಡಿತಕ್ಕೆ ಜಗ್ಗದಾದಾಗ ಎದುರು ಬೆಂಕಿಯ ಪ್ರಯೋಗ: ಬರುತ್ತಿರುವ ಕಿಚ್ಚಿಗೆ ಮುಂದೆ ಒಂದು ದಾರಿಯನ್ನೋ ಹಳ್ಳವನ್ನೋ ಆಧಾರ ಮಾಡಿಕೊಂಡು ಅದರ ಕಡೆಗೆ ಇನ್ನೊಂದು ಕಿಚ್ಚನ್ನು ಬಿಡುವುದು. ಎರಡೂ ಕೂಡುವೆಡೆಯಲ್ಲಿ ಸುಡುವುದಕ್ಕೇನೂ ಉಳಿಯದೆ ಎರಡೂ ಸಾಯುತ್ತವೆ. ಖಾಂಡವದ ಕಥೆಯಲ್ಲಿ ಅರ್ಜುನನು ಬಾಣಗಳ ಚಪ್ಪರದಿಂದ ಇಂದ್ರನ ಮಳೆಯನ್ನು ತಡೆದು ಅಗ್ನಿಗೆ ಉಣಬಡಿಸಿದನಷ್ಟೆ. ಇಲ್ಲಿ ಅಗ್ನಿಯ ಮುಂದಿನಿಂದ ಎಲೆಯನ್ನೇ ತೆಗೆಯುವುದು. ಆ ದಹನವನ್ನು ಹೊಸ ನೆಲೆಗಾಗಿ ಕಾಡು ಕಡಿದ ಇತಿಹಾಸದ ನೆನಪೆಂದು ‘ಯುಗಾಂತ’ದಲ್ಲಿ ಇರಾವತಿ ಕರ್ವೆಯವರು ಓದಿದುದು ವಿದ್ವಾಂಸರಿಗೆ ಗೊತ್ತೇ ಇದೆ.

ಈ ಕೆಲಸದಲ್ಲಿ ಪ್ರಾಣಾಪಾಯವು ಮಾತಿಗೆ ಹೇಳುವುದಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿಯೊಡನೆ ಹೋರಾಡುತ್ತಿದ್ದ ಅರಣ್ಯ ರಕ್ಷಕನೊಬ್ಬನು ಅದಕ್ಕೇ ಬಲಿಯಾದನು. ಎರಡು ವರ್ಷಗಳ ತರುವಾಯ, 2019ರ ಫೆಬ್ರವರಿ 21ರಂದು, ಅದೇ ಬಂಡೀಪುರದ ಕುಂದಕೆರೆ, ಗೋಪಾಲಸ್ವಾಮಿ ಬೆಟ್ಟದ ಕಡೆಯಲ್ಲಿ ಹತ್ತಿದ ಕಿಚ್ಚು ಸುಮಾರು ಐದು ದಿನ ಉರಿಯಿತು. ಗಾಳಿಯ ಜೋರಿಗೆ ಕಿಡಿಗಳು ಬೆಂಕಿ ರೇಖೆಗಳನ್ನೂ ಹೆದ್ದಾರಿಯನ್ನೂ ಹಾರಿದುವು. ಕೊನೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ದೊಡ್ಡ ಚೀಲಗಳಿಂದ ನೀರು ಸುರಿಯಬೇಕಾಯಿತು. ಸುಟ್ಟ ಪ್ರದೇಶವು ಉಪಗ್ರಹದ ಚಿತ್ರಗಳ ಲೆಕ್ಕದಂತೆ ಸುಮಾರು 4,400 ಹೆಕ್ಟೇರು.

ಅಷ್ಟು ದೊಡ್ಡ ಬೆಂಕಿಗೆ ಉರುವಲು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಲಂಟಾನ ಎಂಬ ಪೊದೆ. ಅಮೆರಿಕ ಖಂಡದಿಂದ ಹೂವಿನ ಚೆಲುವಿಗಾಗಿ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಈ ಗಿಡವು ಇಂದು ಬಂಡೀಪುರ, ಬಿಳಿಗಿರಿಗಳ ನೆಲವನ್ನು ಆಕ್ರಮಿಸಿಕೊಂಡಿದೆ. ಹುಲ್ಲಿನ ಬೆಂಕಿ ನೆಲದಲ್ಲಿಯೇ ಓಡಿ ಮುಗಿಯುತ್ತಿತ್ತು. ಮರವನ್ನು ಅಪ್ಪಿಕೊಂಡು ಏರಿದ ಒಣ ಲಂಟಾನವು ಆ ಬೆಂಕಿಗೆ ನೆತ್ತಿಯವರೆಗೆ ಏಣಿಯನ್ನು ಹಾಕಿಕೊಡುತ್ತದೆ. ಬೆಂಕಿಯಿಂದ ಲಂಟಾನವು ಹೆಚ್ಚುವುದೆಂದೂ ಲಂಟಾನದಿಂದ ಬೆಂಕಿಯು ಹೆಚ್ಚುವುದೆಂದೂ ಒಂದು ಚಕ್ರವಿರಬಹುದೆಂದು ಅಂಕಿಲಾ ಹಿರೇಮಠ, ಭರತ್ ಸುಂದರಂ ಎಂಬ ಸಂಶೋಧಕರು 2005ರಲ್ಲಿ ಊಹಿಸಿದರು. ಊಹೆಯೆಂದು ಅವರೇ ಕರೆದಿದ್ದರು. ಅದನ್ನು ಸಿದ್ಧಾಂತವೆಂದು ಉದ್ಧರಿಸುವುದು ಸರಿಯಲ್ಲ.

ಬಿಳಿಗಿರಿಯ ಸೋಲಿಗರು ಹೇಳುವುದು ಇದಕ್ಕೆ ಹೆಚ್ಚುಕಡಿಮೆ ವ್ಯತಿರಿಕ್ತವಾಗಿದೆ. ಅವರಲ್ಲಿ ‘ತರಗು ಬೆಂಕಿ’ ಎಂಬೊಂದು ಪದ್ಧತಿಯಿತ್ತು: ತರಗು ಉದುರತೊಡಗಿದ ಕಾಲದಲ್ಲಿಯೇ, ಕಾಡು ಪೂರ್ತಿ ಒಣಗುವ ಮುನ್ನ, ನೆಲದ ಎಲೆಯನ್ನು ಅಲ್ಲಲ್ಲಿ ಸುಟ್ಟುಬಿಡುವುದು. ಉರಿ ತಗ್ಗಾಗಿರುವುದರಿಂದ ಮರಗಳಿಗೆ ಹಾನಿಯಿಲ್ಲ, ಎಳೆಯ ಲಂಟಾನ ಸುಟ್ಟುಹೋಗುತ್ತಿತ್ತು, ಹುಲ್ಲು ಚಿಗುರುತ್ತಿತ್ತು, ನೆಲ್ಲಿಯ ಮರಕ್ಕೆ ಹತ್ತುವ ಬಂದಳಿಕೆಯೂ ಹಿಡಿತದಲ್ಲಿರುತ್ತಿತ್ತು. 1972ರ ವನ್ಯಜೀವಿ ಕಾಯಿದೆಯೂ, 1974ರಲ್ಲಿ ಬಿಳಿಗಿರಿಯು ಅಭಯಾರಣ್ಯವಾದುದೂ ಸೇರಿ ಈ ಪದ್ಧತಿಯು ನಿಂತಿತು. ಆಮೇಲೆಯೇ ಲಂಟಾನ ಮುಸುಕಿತು, ಬಂದಳಿಕೆ ಹೆಚ್ಚಿತು, ಬಂದಾಗ ಬರುವ ಬೆಂಕಿಯು ದೊಡ್ಡದಾಗಿಯೇ ಬರತೊಡಗಿತು ಎಂಬುದು ಅವರ ವಾದ.

ಭಾಷೆಯನ್ನು ಅಭ್ಯಾಸಮಾಡುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸೋಲಿಗರ ನುಡಿಯಲ್ಲಿ ಕಾಲವನ್ನೂ ಉರುವಲನ್ನೂ ಒಟ್ಟಿಗೆ ಸೂಚಿಸುವ ಒಂದು ಪದವಿತ್ತು. ಇಲಾಖೆಯ ನುಡಿಯಲ್ಲಿ ಇದ್ದುದು ‘ಬೆಂಕಿ’ ಎಂಬ ಒಂದೇ ಪದ, ಅದರ ಮುಂದೆ ‘ಅಪರಾಧ’ ಎಂಬ ಇನ್ನೊಂದು. ಜನವರಿಯ ತರಗು ಬೆಂಕಿಯೂ ಮಾರ್ಚಿಯ ಕಾಡ್ಗಿಚ್ಚೂ ಕಡತದಲ್ಲಿ ಒಂದೇ ಆಗಿಹೋದುವು. ಆದರೆ ಇಲಾಖೆಯು ತಾನೇ ಪ್ರತಿವರ್ಷ ರೇಖೆಗಳಲ್ಲಿ ಮಾಡುವುದು ಮತ್ತೇನು? ಹೊತ್ತಿಗೆ ಮುಂಚೆ ಇಟ್ಟ ಚಿಕ್ಕ ಬೆಂಕಿಯೇ ಅಲ್ಲವೆ? ಒಂದು ಪಟ್ಟಿಯ ಮೇಲೆ, ಇನ್ನೊಂದು ಇಡೀ ನೆಲದ ಮೇಲೆ, ಇಷ್ಟೇ ಭೇದ.

ಹಾಗೆಂದು ತರಗು ಬೆಂಕಿಯನ್ನು ನಾಳೆಯಿಂದಲೇ ಮತ್ತೆ ಹಚ್ಚಬೇಕೆಂದು ಹೇಳುವುದು ಲೇಖಕನಿಗೆ ಸಮ್ಮತವಲ್ಲ. ಆ ಪದ್ಧತಿಯು ಆಳೆತ್ತರದ ಲಂಟಾನವಿಲ್ಲದ ಕಾಡಿಗೆ ಸಲ್ಲುತ್ತಿತ್ತು. ಇಂದು ಅದೇ ನೆಲದಲ್ಲಿ ಜನವರಿಯ ಬೆಂಕಿಯೂ ಏಣಿಯನ್ನು ಹತ್ತಬಲ್ಲುದು. ಮೊದಲು ಪೊದೆಯನ್ನು ಬುಡಸಹಿತ ಕಿತ್ತು, ಹುಲ್ಲು ಮರಳಿದ ಮೇಲೆ, ಚಿಕ್ಕ ಚಿಕ್ಕ ತುಂಡುಗಳಲ್ಲಿ, ಬಲ್ಲವರನ್ನು ಮುಂದಿಟ್ಟುಕೊಂಡು, ಪಕ್ಕದಲ್ಲಿ ಸುಡದ ತುಂಡನ್ನೂ ಹೋಲಿಕೆಗಾಗಿ ಉಳಿಸಿಕೊಂಡು ನೋಡತಕ್ಕ ವಿಷಯವಿದು. ಬಲ್ಲವರೆಂದರೆ ಯೌವನದಲ್ಲಿ ತಾವೇ ಬೆಂಕಿ ಇಟ್ಟ ಸೋಲಿಗ ಹಿರಿಯರು. 1974ರಲ್ಲಿ ಇಪ್ಪತ್ತರವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಯಾವ ಗಾಳಿಯಲ್ಲಿ ಇಡಬೇಕು, ಯಾವ ಹಳ್ಳದಲ್ಲಿ ನಿಲ್ಲುತ್ತದೆ ಎಂಬುದು ಅವರ ಕಾಲುಗಳಲ್ಲಿರುವ ಅರಿವು. ಯಾವ ಯೋಜನಾ ಗ್ರಂಥದಲ್ಲಿಯೂ ಇಳಿದಿಲ್ಲ. ಅರಣ್ಯ ಹಕ್ಕುಗಳ ಕಾಯಿದೆಯಂತೆ 2011ರಲ್ಲಿ ಹಲವು ಸೋಲಿಗ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳು ದೊರೆತಿವೆ. ಬೆಂಕಿಯ ಮಾತು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ವಲಯಾಧಿಕಾರಿಯ ಪಾಡನ್ನೂ ಮರೆಯಲಾಗದು. ಅವನು ಬೆಂಕಿಯಿಡದೆ ಕಾಡು ಮೆಲ್ಲನೆ ಕೆಟ್ಟರೆ ಯಾರೂ ಅವನನ್ನು ಕೇಳುವುದಿಲ್ಲ. ಇಟ್ಟ ಬೆಂಕಿಯೊಂದು ಕೈಮೀರಿದರೆ ಮರುದಿನವೇ ವಿಚಾರಣೆ. ಇಂತಹ ಸ್ಥಿತಿಯಲ್ಲಿ ತಡೆಯುವುದೇ ಕ್ಷೇಮವೆಂದು ತೋರುವುದು ಸಹಜ. ಅವನ ಮೇಲೆ ಈಗ ಆಕಾಶದ ಕಣ್ಣೂ ಇದೆ. 2004ರಿಂದ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ಉಪಗ್ರಹಗಳು ಕಂಡ ಬೆಂಕಿಯನ್ನು ರಾಜ್ಯಗಳಿಗೆ ತಿಳಿಸುತ್ತ ಬಂದಿದೆ; ಹಳೆಯ ಉಪಕರಣವು ಒಂದು ಕಿಲೋಮೀಟರಿನ ಚೌಕವನ್ನು ಒಂದು ಬಿಂದುವಾಗಿ ಕಾಣುತ್ತಿತ್ತು, ಹೊಸದು 375 ಮೀಟರಿನ ಚೌಕವನ್ನು. ಸೂಚನೆಯು ಗಸ್ತಿನವನ ದೂರವಾಣಿಗೇ ನೇರವಾಗಿ ಬಂದು ಮುಟ್ಟುತ್ತದೆ. ಇದರಿಂದ ಆಗಿರುವ ಉಪಕಾರವು ದೊಡ್ಡದು. ಆದರೂ ಮೇಲಿನಿಂದ ನೋಡುವ ಯಂತ್ರಕ್ಕೆ ಶಾಖವೊಂದೇ ಗೊತ್ತು. ಇಲಾಖೆಯವರೇ ಸುಡುತ್ತಿರುವ ಬೆಂಕಿ ರೇಖೆ, ಹೊಲದ ಕೂಳೆ, ಮುದುಕನೊಬ್ಬನು ಹಳೆಯ ಅಭ್ಯಾಸದಿಂದ ಹಚ್ಚಿದ ತರಗು, ನಿಜವಾದ ಕಾಡ್ಗಿಚ್ಚು, ಇವೆಲ್ಲವೂ ನಕ್ಷೆಯ ಮೇಲೆ ಅದೇ ಒಂದು ಕೆಂಪು ಚುಕ್ಕೆ. ಆ ಚುಕ್ಕೆಯ ಅರ್ಥವೇನೆಂದು ತಿಳಿಯಲು, ಇಂದಿಗೂ ಒಬ್ಬ ಅರಣ್ಯ ರಕ್ಷಕನು ಅಲ್ಲಿಯವರೆಗೆ ನಡೆದುಹೋಗಬೇಕಾಗಿದೆ.